ಗುರು, ಶನಿಯ ಅರೋರಾ ಕ್ಷಣಕ್ಷಣಕ್ಕೂ ಬದಲಾಗುವುದು ಯಾಕೆ? ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನಲ್ಲಿ ಸಂಜೆ ಹೊತ್ತು ಟೆಲಿಸ್ಕೋಪ್ ಇಟ್ಟು ಗುರು ಗ್ರಹ ತೋರಿಸಿದರೆ ಜನ ಮೊದಲು ಪಟ್ಟೆಗಳ ಬಗ್ಗೆ ಕೇಳುತ್ತಾರೆ, ಆಮೇಲೆ ಪಕ್ಕದ ನಾಲ್ಕು ಚುಕ್ಕಿಗಳ ಬಗ್ಗೆ. ಈಚೆಗೆ ಅರೋರಾದ, ಅಂದರೆ ಧ್ರುವದ ಆಕಾಶದಲ್ಲಿ ಹೊಳೆಯುವ ಬೆಳಕಿನ, ಪ್ರಶ್ನೆಯೂ ಜಾಸ್ತಿಯಾಗಿದೆ. ಜೇಮ್ಸ್ ವೆಬ್ ದೂರದರ್ಶಕ ತೆಗೆದ ಗುರುವಿನ ಧ್ರುವದ ಚಿತ್ರಗಳು ಎಲ್ಲರ ಫೋನಿಗೂ ಬಂದಿವೆ, ಅದಕ್ಕೇ ಇರಬೇಕು. ಹಾಗೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ. ಓದುವಾಗ ಒಂದು ಮಾತು ನೆನಪಿರಲಿ. ಅರೋರಾ ಎಷ್ಟು ಪ್ರಕಾಶವಾಗಿದೆ ಎನ್ನುವುದಕ್ಕಿಂತ ಎಷ್ಟು ಬೇಗ ಬದಲಾಗುತ್ತಿದೆ ಎನ್ನುವುದು ಮುಖ್ಯ. ಅದನ್ನು ಉರಿಸುತ್ತಿರುವುದು ಯಾವುದು ಎಂಬ ಸುಳಿವು ಸಿಗುವುದು ಆ ವೇಗದಲ್ಲೇ.

ಗುರು ಗ್ರಹದಲ್ಲೂ ಅರೋರಾ ಇದೆಯಾ? ಅದು ಭೂಮಿಯಲ್ಲಿ ಮಾತ್ರ ಅಲ್ವಾ?

ಇದೆ. ಅರೋರಾಕ್ಕೆ ಬೇಕಾಗಿರುವುದು ಎರಡು: ಗಟ್ಟಿಯಾದ ಕಾಂತಕ್ಷೇತ್ರ, ಒಂದಿಷ್ಟು ವಾತಾವರಣ. ಕಾಂತರೇಖೆಗಳ ಜಾಡು ಹಿಡಿದು ಎಲೆಕ್ಟ್ರಾನ್‌ಗಳು ಧ್ರುವದ ಕಡೆ ನುಗ್ಗುತ್ತವೆ, ಮೇಲಿನ ಗಾಳಿಗೆ ಬಡಿಯುತ್ತವೆ, ಗಾಳಿ ಹೊಳೆಯುತ್ತದೆ. ಗುರು, ಶನಿ, ಯುರೇನಸ್, ನೆಪ್ಚೂನ್ ನಾಲ್ಕರಲ್ಲೂ ಇದು ನಡೆಯುತ್ತದೆ.

ಗುರುವಿನ ಅರೋರಾವನ್ನು 1979ರಲ್ಲಿ ವಾಯೇಜರ್ 1 ನೌಕೆ ಪತ್ತೆ ಮಾಡಿತು. ಭೂಮಿಯ ಅರೋರಾಕ್ಕಿಂತ ಅದರ ಶಕ್ತಿ ನೂರಾರು ಪಟ್ಟು ಹೆಚ್ಚು. ಇನ್ನೊಂದು ವ್ಯತ್ಯಾಸವೂ ಇದೆ. ಭೂಮಿಯಲ್ಲಿ ಸೂರ್ಯ ಕೆರಳಿದಾಗ ಅರೋರಾ ಜೋರಾಗುತ್ತದೆ, ಸುಮ್ಮನಾದಾಗ ಮಂಕಾಗುತ್ತದೆ. ಗುರುವಿನಲ್ಲಿ ಅದು ಆರುವುದೇ ಇಲ್ಲ. ಹಗಲು, ರಾತ್ರಿ, ವರ್ಷಪೂರ್ತಿ ಉರಿಯುತ್ತಲೇ ಇರುತ್ತದೆ.

ಆರುವುದೇ ಇಲ್ಲ ಅಂದ್ರೆ ಬದಲಾಗುವುದೇನು?

ಉರಿಯುವ ರೀತಿ ಬದಲಾಗುತ್ತದೆ. ಧ್ರುವದ ಸುತ್ತ ಉಂಗುರವೊಂದು ಸದಾ ಇರುತ್ತದೆ, ಅದು ಹೆಚ್ಚುಕಡಿಮೆ ಸ್ಥಿರ. ಅದರ ಒಳಗಿನ ಜಾಗದಲ್ಲಿ ಮಾತ್ರ ಒಂದು ನಿಮಿಷ ಇದ್ದದ್ದು ಮುಂದಿನ ನಿಮಿಷ ಇರುವುದಿಲ್ಲ.

1999ರಲ್ಲಿ ಹಬಲ್ ದೂರದರ್ಶಕ ಕಂಡದ್ದನ್ನೇ ತೆಗೆದುಕೊಳ್ಳಿ. ಗುರುವಿನ ಉತ್ತರ ಧ್ರುವದ ಹತ್ತಿರ ಒಂದು ಜಾಗ ಸುಮಾರು 70 ಸೆಕೆಂಡಿನಲ್ಲಿ 30 ಪಟ್ಟು ಪ್ರಕಾಶವಾಯಿತು. ಕೆಲವೇ ನಿಮಿಷದಲ್ಲಿ ಇಳಿದೂ ಹೋಯಿತು. ಹೊಳೆದ ಜಾಗ ಸಾವಿರಾರು ಕಿಲೋಮೀಟರ್ ಅಗಲದ್ದು. ಅಷ್ಟು ದೊಡ್ಡ ಪ್ರದೇಶ ಒಂದು ನಿಮಿಷದಲ್ಲಿ ಹೊತ್ತಿಕೊಳ್ಳಬೇಕಾದರೆ ಅಲ್ಲಿನ ಗಾಳಿ, ಮೋಡ ಕಾರಣವಾಗಿರಲು ಸಾಧ್ಯವಿಲ್ಲ, ಅವು ಅಷ್ಟು ಬೇಗ ಚಲಿಸುವುದಿಲ್ಲ. ಎಲ್ಲೋ ಮೇಲಿನಿಂದ, ಲಕ್ಷಾಂತರ ಕಿಲೋಮೀಟರ್ ಆಚೆಯಿಂದ, ಭಾರಿ ವೇಗದಲ್ಲಿ ಕಣಗಳು ಬಂದು ಬಿದ್ದಿರಬೇಕು. ಚಿತ್ರದ ಅಂದ ನೋಡಿ ಇದು ಗೊತ್ತಾಗುವುದಿಲ್ಲ. ಗಡಿಯಾರ ನೋಡಿದರೆ ಗೊತ್ತಾಗುತ್ತದೆ.

ಆಮೇಲಿನ ವರ್ಷಗಳಲ್ಲಿ ಹಬಲ್ ದತ್ತಾಂಶದಲ್ಲೇ ಇನ್ನೊಂದು ವಿಷಯ ಸಿಕ್ಕಿತು. ಧ್ರುವದ ಒಳಭಾಗದ ಕೆಲವು ಮಿಂಚುಗಳು 2ರಿಂದ 3 ನಿಮಿಷಕ್ಕೊಮ್ಮೆ ಮರಳಿ ಮರಳಿ ಬರುತ್ತವೆ. ಪಕ್ಕಾ ತಾಳ ಅಲ್ಲ, ಆದರೂ ತಾಳ ಇದೆ.

ಹಾಗಿದ್ರೆ ಇಷ್ಟು ವರ್ಷ ಯಾಕೆ ಯಾರೂ ಗಮನಿಸಲಿಲ್ಲ?

ಮಂಕು ಬೆಳಕನ್ನು ಹಿಡಿಯಲು ಕ್ಯಾಮೆರಾ ಶಟರನ್ನು ತುಂಬಾ ಹೊತ್ತು ತೆರೆದಿಡಬೇಕು. ಹತ್ತು ನಿಮಿಷ ತೆರೆದಿಟ್ಟರೆ ಆ ಹತ್ತು ನಿಮಿಷದಲ್ಲಿ ಆದದ್ದೆಲ್ಲ ಒಂದೇ ಚಿತ್ರದಲ್ಲಿ ಕಲಸಿಹೋಗುತ್ತದೆ. ಹೊಳೆದು ಆರಿದ ಜಾಗ ಸುಮ್ನೆ ಒಂದು ಮಸುಕು ಕಲೆಯಾಗಿ ಕಾಣುತ್ತದೆ. ಹಳೆಯ ಚಿತ್ರಗಳು ಸುಳ್ಳು ಅಂತಲ್ಲ, ಅವು ಸರಾಸರಿ ಅಷ್ಟೇ.

ಹಬಲ್‌ನ ಒಂದು ಉಪಕರಣದಲ್ಲಿ ಇದಕ್ಕೆ ಒಳ್ಳೆಯ ಉಪಾಯ ಇದೆ. ಬಂದ ಒಂದೊಂದು ಫೋಟಾನ್ (ಬೆಳಕಿನ ಕಣ) ಎಲ್ಲಿ ಬಿತ್ತು ಎನ್ನುವುದರ ಜೊತೆಗೆ ಯಾವ ಹೊತ್ತಿಗೆ ಬಿತ್ತು ಎಂದೂ ಅದು ಬರೆದಿಡುತ್ತದೆ. ಆಮೇಲೆ ಆ ಪಟ್ಟಿಯನ್ನು ನಮಗೆ ಬೇಕಾದ ಅಳತೆಗೆ ಕತ್ತರಿಸಿಕೊಳ್ಳಬಹುದು. ಹತ್ತು ಸೆಕೆಂಡಿನ ತುಂಡು ಬೇಕೆಂದರೆ ಹತ್ತು, ಮೂವತ್ತು ಬೇಕೆಂದರೆ ಮೂವತ್ತು. ಅದೇ ಫೋಟಾನ್‌ಗಳಿಂದ ಒಂದು ಫೋಟೋ ಬದಲು ಒಂದು ಚಲನಚಿತ್ರ ಸಿಗುತ್ತದೆ.

ಈ ಶಕ್ತಿ ಎಲ್ಲ ಸೂರ್ಯನಿಂದಲೇ ಬರೋದಾ?

ಗುರುವಿನಲ್ಲಿ ಬಹುಪಾಲು ಅಲ್ಲ. ನನಗೆ ತುಂಬಾ ಇಷ್ಟವಾದ ಭಾಗ ಇದು, ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಗುರುವಿನ ಚಂದ್ರ ಅಯೋ ಜ್ವಾಲಾಮುಖಿಗಳ ಗೋಳ. ಅಲ್ಲಿಂದ ಸೆಕೆಂಡಿಗೆ ಸುಮಾರು ಒಂದು ಟನ್‌ನಷ್ಟು ಗಂಧಕ ಮತ್ತು ಆಮ್ಲಜನಕದ ಪರಮಾಣುಗಳು ಬಾಹ್ಯಾಕಾಶಕ್ಕೆ ಸೇರುತ್ತವೆ. ಅವು ವಿದ್ಯುತ್ ಆವೇಶ ಪಡೆದು ಗುರುವಿನ ಕಾಂತಕ್ಷೇತ್ರಕ್ಕೆ ಸಿಕ್ಕಿಹಾಕಿಕೊಳ್ಳುತ್ತವೆ. ಗುರು ತನ್ನ ಸುತ್ತ ಒಂದು ಸುತ್ತು ಬರಲು 10 ಗಂಟೆಯೂ ಬೇಡ, 9 ಗಂಟೆ 55 ನಿಮಿಷ ಸಾಕು. ಕಾಂತಕ್ಷೇತ್ರವೂ ಅದೇ ವೇಗದಲ್ಲಿ ತಿರುಗುತ್ತದೆ, ಸಿಕ್ಕ ಕಣಗಳನ್ನು ಎಳೆದುಕೊಂಡೇ ತಿರುಗುತ್ತದೆ. ಕಣಗಳು ಹೊರಗೆ ಸರಿಯುತ್ತಾ ಹೋದಂತೆ ಅವನ್ನು ಅದೇ ವೇಗದಲ್ಲಿ ಸುತ್ತಿಸುವುದು ಕಷ್ಟವಾಗುತ್ತದೆ. ಅವು ಹಿಂದೆ ಬೀಳುತ್ತವೆ. ಆಗ ಅವನ್ನು ಮುಂದಕ್ಕೆ ಎಳೆಯಲು ಗ್ರಹಕ್ಕೂ ಅವಕ್ಕೂ ನಡುವೆ ಭಾರಿ ವಿದ್ಯುತ್ ಪ್ರವಾಹ ಹರಿಯುತ್ತದೆ.

ಹಳೆಯ ಸೈಕಲ್‌ನ ಡೈನಮೋ ನೆನಪಿದೆಯಾ? ಅದನ್ನು ಚಕ್ರಕ್ಕೆ ಒತ್ತಿದ ಕೂಡಲೇ ದೀಪ ಹತ್ತುತ್ತದೆ, ಪೆಡಲ್ ಭಾರವಾಗುತ್ತದೆ. ದೀಪದ ಬೆಳಕಿಗೆ ಕಾಲಿನ ಶಕ್ತಿಯೇ ಖರ್ಚಾಗುವುದು. ಗುರುವಿನ ಅರೋರಾದ ಉಂಗುರಕ್ಕೆ ಖರ್ಚಾಗುವುದು ಗುರು ಸುತ್ತುವ ಶಕ್ತಿ. ಅದು ಎಷ್ಟು ಅಗಾಧ ಎಂದರೆ ಕೋಟ್ಯಂತರ ವರ್ಷ ಖರ್ಚಾದರೂ ಗುರುವಿನ ವೇಗ ಗೊತ್ತಾಗುವಷ್ಟು ಇಳಿಯುವುದಿಲ್ಲ.

ಸೂರ್ಯನ ಪಾತ್ರ ಏನೂ ಇಲ್ವಾ?

ಇದೆ. ಸೌರಮಾರುತ (ಸೂರ್ಯನಿಂದ ಸದಾ ಹರಿದುಬರುವ ಕಣಗಳ ಗಾಳಿ) ಜೋರಾಗಿ ಬಂದು ಗುರುವಿನ ಕಾಂತಗೋಳವನ್ನು, ಅಂದರೆ ಅದರ ಕಾಂತಕ್ಷೇತ್ರ ಹರಡಿರುವ ಜಾಗವನ್ನು, ಅಮುಕಿದಾಗ ಅರೋರಾ ಪ್ರಕಾಶವಾಗುತ್ತದೆ. ಈ ಬದಲಾವಣೆಗೆ ಗಂಟೆಗಳು, ದಿನಗಳು ಬೇಕು. ಆದರೆ ಜಪಾನಿನ ಹಿಸಾಕಿ ಉಪಗ್ರಹ ಗುರುವನ್ನು ದಿನಗಟ್ಟಲೆ ಬಿಡದೆ ನೋಡಿದಾಗ ಒಂದು ವಿಷಯ ಸ್ಪಷ್ಟವಾಯಿತು. ಸೌರಮಾರುತ ಸುಮ್ಮನಿದ್ದಾಗಲೂ ಅರೋರಾ ಇದ್ದಕ್ಕಿದ್ದಂತೆ ಜೋರಾಗುವುದುಂಟು. ಅಂದರೆ ಗುರುವಿನ ಮನೆಯೊಳಗೇ ಕಾರಣ ಇದೆ.

ಹಿಸಾಕಿ 2013ರಲ್ಲಿ ಹಾರಿದ ಚಿಕ್ಕ ಉಪಗ್ರಹ. ದೊಡ್ಡ ದೂರದರ್ಶಕಗಳಿಗೆ ನೂರು ಕೆಲಸ, ಒಂದೇ ಗ್ರಹದ ಮುಂದೆ ವಾರಗಟ್ಟಲೆ ಕೂರಲು ಬಿಡುವಿಲ್ಲ. ಚಿಕ್ಕ ಉಪಗ್ರಹ ಕೂತಿತು. ಇಂಥ ಕೆಲಸಕ್ಕೆ ಸಿಗಬೇಕಾದಷ್ಟು ಹೆಸರು ಸಿಕ್ಕಿಲ್ಲ ಎನ್ನುವುದು ನನ್ನ ಅಭಿಪ್ರಾಯ.

ಗುರುವಿನ ಅರೋರಾದಲ್ಲಿ ಯಾವ ಯಾವ ಭಾಗಗಳಿವೆ? ಎಲ್ಲವೂ ಒಂದೇ ವೇಗದಲ್ಲಿ ಬದಲಾಗುತ್ತವಾ?

ಇಲ್ಲ. ಗಡಿಯಾರ ಇಟ್ಟು ನೋಡುವುದರ ಲಾಭ ಇರುವುದೇ ಇಲ್ಲಿ.

ಮುಖ್ಯ ಉಂಗುರ ನಿಧಾನದ್ದು. ಗಂಟೆಗಳ ಲೆಕ್ಕದಲ್ಲಿ ಹೆಚ್ಚುತ್ತದೆ, ಇಳಿಯುತ್ತದೆ. ಆ ಉಂಗುರದ ಮುಂಜಾವಿನ ಕಡೆ, ಅಂದರೆ ಗ್ರಹ ರಾತ್ರಿಯಿಂದ ಹಗಲಿಗೆ ತಿರುಗುವ ಅಂಚಿನಲ್ಲಿ, ಒಮ್ಮೊಮ್ಮೆ ಬಿರುಗಾಳಿಯಂಥ ಹೊಳಪು ಏಳುತ್ತದೆ. ಭೂಮಿಯಿಂದ ನೋಡುವವರಿಗೆ ಅದು ಹೇಗೆ ಶುರುವಾಗುತ್ತದೆ ಎಂದು ಕಾಣುತ್ತಿರಲಿಲ್ಲ, ಗುರುವಿನ ರಾತ್ರಿ ಭಾಗ ನಮಗೆ ಕಾಣುವುದೇ ಇಲ್ಲವಲ್ಲ. ಗುರುವನ್ನು ಸುತ್ತುವ ಜೂನೋ ನೌಕೆ ಧ್ರುವದ ಮೇಲೆ ಹಾರಿ ನೋಡಿದಾಗ ಅದು ರಾತ್ರಿ ಭಾಗದಲ್ಲೇ ಹುಟ್ಟಿ, ಗ್ರಹದ ಜೊತೆ ತಿರುಗುತ್ತಾ ಬಂದು, ಕೆಲವು ಗಂಟೆ ಬೆಳೆದು ಆರುತ್ತದೆ ಎಂದು ಗೊತ್ತಾಯಿತು.

ಎರಡನೆಯದು ಚಂದ್ರರ ಗುರುತುಗಳು. ಅಯೋ, ಯುರೋಪಾ, ಗ್ಯಾನಿಮೀಡ್ ಕಾಂತಕ್ಷೇತ್ರದೊಳಗೆ ಸುತ್ತುವಾಗ ಅದನ್ನು ಕಲಕುತ್ತವೆ. ಆ ಕಲಕು ಅಲೆಯಾಗಿ ಕಾಂತರೇಖೆಯುದ್ದಕ್ಕೂ ಇಳಿದು ಗುರುವಿನ ಧ್ರುವದ ಹತ್ತಿರ ಒಂದು ಹೊಳೆಯುವ ಚುಕ್ಕಿಯಾಗುತ್ತದೆ. ಕ್ಯಾಲಿಸ್ಟೋದ್ದು ಬಹಳ ಮಸುಕು. ಅಯೋದ ಚುಕ್ಕಿಗೆ ಉದ್ದನೆಯ ಬಾಲವೂ ಇದೆ. ಗುರು ಎಷ್ಟೇ ಬೇಗ ತಿರುಗಿದರೂ ಚುಕ್ಕಿ ತನ್ನ ಚಂದ್ರನನ್ನು ಬಿಟ್ಟು ಹೋಗುವುದಿಲ್ಲ. ಅರೋರಾದ ಚಿತ್ರದಲ್ಲಿ ಯಾವ ಚುಕ್ಕಿ ಯಾರದು ಎಂದು ಗುರುತಿಸುವುದೂ ಹೀಗೇ: ಗ್ರಹದ ಜೊತೆ ತಿರುಗಿದರೆ ಒಂದು ಬಗೆ, ಚಂದ್ರನ ಜೊತೆ ಸರಿದರೆ ಇನ್ನೊಂದು ಬಗೆ.

ಮೂರನೆಯದು ಉಂಗುರದ ಒಳಗಿನ ಧ್ರುವ ಪ್ರದೇಶ. ನಿಮಿಷಗಳಲ್ಲಿ, ಸೆಕೆಂಡುಗಳಲ್ಲಿ ಬದಲಾಗುವುದು ಇದೇ. ಅಲ್ಲೂ ಒಂದು ಭಾಗ ಹೆಚ್ಚಿನ ಹೊತ್ತು ಕತ್ತಲಾಗಿರುತ್ತದೆ, ಒಂದು ಭಾಗ ಸುಳಿಸುಳಿಯಾಗಿ ಮಿನುಗುತ್ತದೆ, ಒಂದು ಭಾಗದಲ್ಲಿ ದೊಡ್ಡ ಮಿಂಚುಗಳು ಏಳುತ್ತವೆ.

2023ರ ಕ್ರಿಸ್‌ಮಸ್ ದಿನ ಜೇಮ್ಸ್ ವೆಬ್ ಕಂಡದ್ದು ಏನು?

ಆವತ್ತು, ಡಿಸೆಂಬರ್ 25ರಂದು, ಬ್ರಿಟನ್ನಿನ ಲೆಸ್ಟರ್ ವಿಶ್ವವಿದ್ಯಾಲಯದ ಜೊನಾಥನ್ ನಿಕೋಲ್ಸ್ ಅವರ ತಂಡಕ್ಕಾಗಿ ವೆಬ್ ದೂರದರ್ಶಕ ಗುರುವಿನ ಧ್ರುವವನ್ನು ಅವಕೆಂಪು ಬೆಳಕಿನಲ್ಲಿ ನೋಡಿತು. ಫಲಿತಾಂಶ 2025ರ ಮೇ ತಿಂಗಳಲ್ಲಿ ಪ್ರಕಟವಾಯಿತು.

ಅವಕೆಂಪಿನಲ್ಲಿ ಹೊಳೆಯುವುದು ಎಚ್-3-ಪ್ಲಸ್ ಎಂಬ ಅಯಾನು, ಮೂರು ಹೈಡ್ರೋಜನ್ ಪರಮಾಣು ಸೇರಿ ಒಂದು ಎಲೆಕ್ಟ್ರಾನ್ ಕಳೆದುಕೊಂಡದ್ದು. ಎಲೆಕ್ಟ್ರಾನ್‌ಗಳು ಹೈಡ್ರೋಜನ್ ಗಾಳಿಗೆ ಬಡಿದಾಗ ಇದು ಹುಟ್ಟುತ್ತದೆ, ಸ್ವಲ್ಪ ಹೊತ್ತು ಬದುಕಿ ಹೊಳೆದು, ಇನ್ನೊಂದು ಎಲೆಕ್ಟ್ರಾನ್ ಸಿಕ್ಕಿದ ಮೇಲೆ ಒಡೆದುಹೋಗುತ್ತದೆ. ಗುರುವಿನಲ್ಲಿ ಇದನ್ನು ಗುರುತಿಸಿದ್ದು 1980ರ ದಶಕದ ಕೊನೆಯಲ್ಲಿ, ನೆಲದ ಮೇಲಿನ ದೂರದರ್ಶಕದಿಂದಲೇ.

ಈ ಅಯಾನು ಹುಟ್ಟಿ ಸಾಯಲು ಹೊತ್ತು ಹಿಡಿಯುವುದರಿಂದ ಅವಕೆಂಪು ಅರೋರಾ ನಿಧಾನವಾಗಿ ಏರಿಳಿಯುತ್ತದೆ, ಸುಮಾರು ಕಾಲು ಗಂಟೆ ಹಿಡಿಯಬಹುದು ಎಂದು ತಂಡ ಲೆಕ್ಕ ಹಾಕಿತ್ತು. ಕಂಡದ್ದು ಬೇರೆಯೇ. ಇಡೀ ಪ್ರದೇಶ ಕುದಿಯುತ್ತಿತ್ತು. ಕೆಲವು ಕಡೆ ಸೆಕೆಂಡಿನಿಂದ ಸೆಕೆಂಡಿಗೆ ಬದಲಾವಣೆ. ಆ ಏರಿಳಿತದಿಂದಲೇ ಅಯಾನಿನ ಆಯುಸ್ಸು ಸುಮಾರು 150 ಸೆಕೆಂಡು ಎಂದು ಅಳೆಯಲು ಸಾಧ್ಯವಾಯಿತು. ಇದು ಸಣ್ಣ ವಿಷಯ ಅಲ್ಲ. ಗುರುವಿನ ಮೇಲಿನ ಗಾಳಿ ಎಷ್ಟು ಬೇಗ ಬಿಸಿಯಾಗುತ್ತದೆ, ಎಷ್ಟು ಬೇಗ ತಣಿಯುತ್ತದೆ ಎಂಬ ಲೆಕ್ಕಕ್ಕೆಲ್ಲ ಈ ಸಂಖ್ಯೆ ಬೇಕು.

ಇನ್ನೂ ದೊಡ್ಡ ಒಗಟು ಆಮೇಲೆ ಬಂತು. ಅದೇ ಹೊತ್ತಿಗೆ ಹಬಲ್ ಕೂಡ ಗುರುವನ್ನು ಅತಿನೇರಳೆ ಬೆಳಕಿನಲ್ಲಿ ನೋಡುತ್ತಿತ್ತು. ಕಣಗಳು ಬಂದು ಬಡಿದರೆ ಎರಡೂ ಬೆಳಕು ಒಟ್ಟಿಗೆ ಹೆಚ್ಚಬೇಕು, ಅಲ್ವಾ? ವೆಬ್ ಕಂಡ ಅತ್ಯಂತ ಪ್ರಕಾಶದ ಭಾಗಗಳಿಗೆ ಹಬಲ್ ಚಿತ್ರದಲ್ಲಿ ಜೋಡಿಯೇ ಇರಲಿಲ್ಲ. ಹೀಗಾಗಬೇಕಾದರೆ ತೀರಾ ಕಡಿಮೆ ಶಕ್ತಿಯ ಕಣಗಳು ಭಾರಿ ಸಂಖ್ಯೆಯಲ್ಲಿ ಬಂದು ಬೀಳಬೇಕು. ಅದು ಆಗುವ ಮಾತಲ್ಲ ಎಂದೇ ಎಲ್ಲರೂ ಎಣಿಸಿದ್ದರು. ಈ ಒಗಟು ಇನ್ನೂ ಬಿಡಿಸಿಲ್ಲ. ನನಗಂತೂ ಆ ಸಂಶೋಧನೆಯಲ್ಲಿ ಸುಂದರ ಚಿತ್ರಗಳಿಗಿಂತ ಈ ಹೊಂದದ ಜೋಡಿಯೇ ಹೆಚ್ಚು ಮುಖ್ಯ ಅನಿಸುತ್ತದೆ. ಎರಡು ದೂರದರ್ಶಕ ಒಂದೇ ಕ್ಷಣದಲ್ಲಿ ನೋಡದೇ ಇದ್ದಿದ್ದರೆ, ಒಂದು ಇವತ್ತು ಇನ್ನೊಂದು ನಾಳೆ ನೋಡಿದ್ದರೆ, ವ್ಯತ್ಯಾಸಕ್ಕೆ ಸಮಯವೇ ಕಾರಣ ಎಂದು ಎಲ್ಲರೂ ಸುಮ್ಮನಾಗುತ್ತಿದ್ದರು.

ಎಕ್ಸ್-ರೇಯಲ್ಲೂ ಅರೋರಾ ಕಾಣುತ್ತಾ?

ಕಾಣುತ್ತದೆ. 2000ದ ಡಿಸೆಂಬರ್‌ನಲ್ಲಿ ಚಂದ್ರ ಎಕ್ಸ್-ರೇ ವೀಕ್ಷಣಾಲಯ (ನಮ್ಮ ಸುಬ್ರಹ್ಮಣ್ಯನ್ ಚಂದ್ರಶೇಖರ್ ಹೆಸರಿನದು) ಗುರುವಿನ ಉತ್ತರ ಧ್ರುವದ ಹತ್ತಿರ ಒಂದು ಜಾಗ ಸುಮಾರು 45 ನಿಮಿಷಕ್ಕೊಮ್ಮೆ ಮಿಡಿಯುವುದನ್ನು ಕಂಡಿತು. ಆಮೇಲೆ ನೋಡಿದಾಗೆಲ್ಲ ಅದೇ 45 ನಿಮಿಷ ಸಿಗಲಿಲ್ಲ. 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ದಕ್ಷಿಣ ಧ್ರುವ ಸುಮಾರು 11 ನಿಮಿಷಕ್ಕೊಮ್ಮೆ ಮಿಡಿಯುತ್ತಿತ್ತು, ಉತ್ತರ ಧ್ರುವ ತನ್ನ ಪಾಡಿಗೆ ತಾನು ಬೇರೆ ಇತ್ತು.

ಕಾರಣದ ಎಳೆ ಸಿಕ್ಕಿದ್ದು 2021ರಲ್ಲಿ. ಯುರೋಪಿನ ಎಕ್ಸ್‌ಎಂಎಂ-ನ್ಯೂಟನ್ ಎಂಬ ಬಾಹ್ಯಾಕಾಶ ದೂರದರ್ಶಕ ದೂರದಿಂದ ಎಕ್ಸ್-ರೇ ನೋಡುತ್ತಿದ್ದಾಗ ಜೂನೋ ಅಲ್ಲೇ ಗುರುವಿನ ಹತ್ತಿರ ಕಾಂತಕ್ಷೇತ್ರವನ್ನು ಅಳೆಯುತ್ತಿತ್ತು. ಎಕ್ಸ್-ರೇ 27 ನಿಮಿಷಕ್ಕೊಮ್ಮೆ ಮಿಡಿಯಿತು. ಕಾಂತಕ್ಷೇತ್ರವೂ ಅದೇ ಲಯದಲ್ಲಿ ಅದುರುತ್ತಿತ್ತು. ಆ ಅದುರಿನಿಂದ ಏಳುವ ಅಲೆಗಳ ಮೇಲೆ ಏರಿ ಅಯಾನುಗಳು ಧ್ರುವಕ್ಕೆ ಬಂದು ಬೀಳುತ್ತವೆ. ಎರಡು ಕಡೆಯ ಗಡಿಯಾರ ಹೊಂದಿದ್ದರಿಂದಲೇ ಇದನ್ನು ಹೇಳಲು ಸಾಧ್ಯವಾಯಿತು. ಇಲ್ಲಿ ಬಡಿಯುವುದು ಎಲೆಕ್ಟ್ರಾನ್ ಅಲ್ಲ, ಅಯೋದಿಂದ ಹೊರಟ ಗಂಧಕ, ಆಮ್ಲಜನಕದ ಭಾರವಾದ ಅಯಾನುಗಳು.

ಜೂನೋ ಅಲ್ಲೇ ಸುತ್ತುತ್ತಿದೆಯಲ್ಲ, ಎಲ್ಲ ಪ್ರಶ್ನೆಗೂ ಉತ್ತರ ಕೊಡಬಹುದಲ್ವಾ?

2016ರ ಜುಲೈನಲ್ಲಿ ಗುರುವನ್ನು ತಲುಪಿದ ಜೂನೋ ಬಹಳಷ್ಟು ಕೊಟ್ಟಿದೆ. ಅರೋರಾದ ಮೇಲೆ ಹಾರುವಾಗ 4 ಲಕ್ಷ ವೋಲ್ಟ್‌ವರೆಗಿನ ವಿದ್ಯುತ್ ವಿಭವವನ್ನು ಅದು ಅಳೆಯಿತು, ಭೂಮಿಯ ಅರೋರಾದಲ್ಲಿ ಸಿಗುವುದಕ್ಕಿಂತ 10ರಿಂದ 30 ಪಟ್ಟು ಜಾಸ್ತಿ. ಆದರೆ ಅತ್ಯಂತ ಪ್ರಕಾಶದ ಜಾಗಗಳಲ್ಲಿ ಕಣಗಳನ್ನು ದೂಡುವ ಮುಖ್ಯ ಶಕ್ತಿ ಅದಲ್ಲ ಎಂದೂ ತೋರಿಸಿತು. ಅಲ್ಲಿ ಎಲೆಕ್ಟ್ರಾನ್‌ಗಳು ಒಂದೇ ಶಕ್ತಿಯಲ್ಲಿ ಬರುತ್ತಿಲ್ಲ, ಎಲ್ಲ ಬಗೆಯ ಶಕ್ತಿಯಲ್ಲೂ ಬರುತ್ತಿವೆ. ಪ್ರಕ್ಷುಬ್ಧ ಅಲೆಗಳು ದೂಡಿದರೆ ಹೀಗಾಗುತ್ತದೆ. ಸ್ಥಿರವಾದ ಬ್ಯಾಟರಿ ಇದ್ದರೆ ಬೆಳಕೂ ಸ್ಥಿರವಾಗಿರುತ್ತಿತ್ತು. ಅಲೆಗಳು ಇದ್ದರೆ ಮಿನುಗಲೇಬೇಕು.

ಜೂನೋಗೆ ಒಂದು ಮಿತಿ ಇದೆ. ಅದು ತನ್ನ ಸುತ್ತ ತಾನೇ ತಿರುಗುತ್ತಾ ಸಾಗುವ ನೌಕೆ, ಒಂದು ಸುತ್ತಿಗೆ 30 ಸೆಕೆಂಡು. ಅದರ ಅತಿನೇರಳೆ ಉಪಕರಣ ಒಂದು ಜಾಗವನ್ನು ಮತ್ತೆ ನೋಡಲು ಅರ್ಧ ನಿಮಿಷ ಕಾಯಬೇಕು. ಸೆಕೆಂಡುಗಳ ಬದಲಾವಣೆ ಆ ನಡುವೆ ಜಾರಿಹೋಗುತ್ತದೆ. ಹತ್ತಿರ ಇದ್ದರೆ ಎಲ್ಲ ಕಾಣುತ್ತದೆ ಅಂತೇನಿಲ್ಲ.

ಶನಿ ಗ್ರಹದ್ದು ಹೇಗೆ?

ಶನಿಯ ಸ್ವಭಾವ ಭೂಮಿ ಮತ್ತು ಗುರುವಿನ ನಡುವಿನದು. ಸೌರಮಾರುತದ ಮಾತನ್ನು ಅದು ಗುರುವಿಗಿಂತ ಹೆಚ್ಚು ಕೇಳುತ್ತದೆ. 2004ರ ಜನವರಿಯಲ್ಲಿ ಕ್ಯಾಸಿನಿ ನೌಕೆ ಇನ್ನೂ ಶನಿಯ ದಾರಿಯಲ್ಲಿತ್ತು. ಅದು ಸೌರಮಾರುತವನ್ನು ಅಳೆಯುತ್ತಿದ್ದಾಗ ಹಬಲ್ ಶನಿಯ ದಕ್ಷಿಣ ಧ್ರುವವನ್ನು ನೋಡುತ್ತಿತ್ತು. ಸೌರಮಾರುತದ ದೊಡ್ಡ ಅಲೆ ಬಡಿದಾಗ ಅರೋರಾ ಪ್ರಕಾಶವಾಯಿತು, ಉಂಗುರ ಧ್ರುವದ ಕಡೆ ಕುಗ್ಗಿತು. ಹಾಗೆಂದು ನಿಧಾನವೇ ಎಲ್ಲ ಅಲ್ಲ, ಸುಮಾರು ಒಂದು ಗಂಟೆಗೊಮ್ಮೆ ಮರಳುವ ಮಿಡಿತಗಳೂ ಕ್ಯಾಸಿನಿಗೆ ಸಿಕ್ಕಿವೆ.

ಗುರುವಿಗೆ ಅಯೋ ಇದ್ದರೆ ಶನಿಗೆ ಎನ್ಸೆಲಾಡಸ್. ಅದು ಉಗುಳುವುದು ನೀರು, ಸೆಕೆಂಡಿಗೆ ಸುಮಾರು 300 ಕೆಜಿ. ಅದರ ಗುರುತಿನ ಚುಕ್ಕಿಯೂ ಶನಿಯ ಧ್ರುವದಲ್ಲಿ ಇದೆ ಎಂದು 2011ರಲ್ಲಿ ಪ್ರಕಟವಾಯಿತು. ಆ ಚುಕ್ಕಿಯ ಪ್ರಕಾಶ ಮೂರು ಪಟ್ಟಿನವರೆಗೆ ಬದಲಾಗುತ್ತದೆ. ನೀರಿನ ಬುಗ್ಗೆಗಳೇ ಹೆಚ್ಚುಕಡಿಮೆ ಆಗುತ್ತಿರಬಹುದು ಎನ್ನುವುದು ಒಂದು ವಿವರಣೆ.

ಯುರೇನಸ್, ನೆಪ್ಚೂನ್?

ಯುರೇನಸ್‌ನ ಕಾಂತ ಅಕ್ಷ ಅದು ತಿರುಗುವ ಅಕ್ಷಕ್ಕೆ 59 ಡಿಗ್ರಿ ವಾಲಿದೆ, ನೆಪ್ಚೂನ್‌ನದು 47 ಡಿಗ್ರಿ. ಹಾಗಾಗಿ ಅಲ್ಲಿ ಅರೋರಾ ಧ್ರುವದಲ್ಲಿ ಇರುವುದಿಲ್ಲ, ಎಲ್ಲೋ ನಡುವೆ ಇರುತ್ತದೆ. 2011ರ ನವೆಂಬರ್‌ನಲ್ಲಿ ಸೌರಮಾರುತದ ಅಲೆ ಯುರೇನಸ್ ತಲುಪುವ ಹೊತ್ತನ್ನು ಮೊದಲೇ ಲೆಕ್ಕ ಹಾಕಿ ಹಬಲ್ ಅನ್ನು ಅತ್ತ ತಿರುಗಿಸಲಾಯಿತು. ಮಸುಕಾದ ಚುಕ್ಕಿಗಳು ಕಂಡವು, ಕೆಲವೇ ನಿಮಿಷ ಇದ್ದು ಆರಿದವು.

ಅರೋರಾ ಗಡಿಯಾರವೂ ಆಗಬಲ್ಲದು. ಯುರೇನಸ್‌ನ ಅರೋರಾವನ್ನು ಹಬಲ್‌ನಲ್ಲಿ ಹತ್ತು ವರ್ಷಕ್ಕೂ ಹೆಚ್ಚು ಕಾಲ ಹಿಂಬಾಲಿಸಿ ಆ ಗ್ರಹದ ದಿನದ ಉದ್ದವನ್ನು 2025ರಲ್ಲಿ ತಿದ್ದಲಾಯಿತು: 17 ಗಂಟೆ 14 ನಿಮಿಷ 52 ಸೆಕೆಂಡು. 1986ರಲ್ಲಿ ವಾಯೇಜರ್ 2 ಕೊಟ್ಟ ಲೆಕ್ಕಕ್ಕಿಂತ 28 ಸೆಕೆಂಡು ಹೆಚ್ಚು.

ನೆಪ್ಚೂನ್‌ನ ಅರೋರಾದ ಚಿತ್ರ ಸಿಕ್ಕಿದ್ದು ವೆಬ್‌ನಿಂದ. 2023ರಲ್ಲಿ ನೋಡಿದ್ದು, 2025ರಲ್ಲಿ ಪ್ರಕಟವಾದದ್ದು. ಇಷ್ಟು ವರ್ಷ ಸಿಗದಿರಲು ಕಾರಣವೂ ಆಗಲೇ ಗೊತ್ತಾಯಿತು. ವಾಯೇಜರ್ 2 ಹೋದ 1989ಕ್ಕೆ ಹೋಲಿಸಿದರೆ ಅಲ್ಲಿನ ಮೇಲಿನ ಗಾಳಿ ನೂರಾರು ಡಿಗ್ರಿ ತಣ್ಣಗಾಗಿದೆ. ತಣ್ಣಗಿದ್ದರೆ ಎಚ್-3-ಪ್ಲಸ್ ಮಂಕಾಗಿ ಹೊಳೆಯುತ್ತದೆ.

ಚಿತ್ರಗಳಲ್ಲಿ ಕಾಣುವ ನೀಲಿ ಬಣ್ಣ ನಿಜದ್ದಾ?

ಅಲ್ಲ. ಅತಿನೇರಳೆ, ಅವಕೆಂಪು ಎರಡೂ ಕಣ್ಣಿಗೆ ಕಾಣುವುದಿಲ್ಲ. ನೋಡಲು ಅನುಕೂಲವಾಗಲಿ ಎಂದು ಬಣ್ಣ ಕೊಡುತ್ತಾರೆ.

ಬೆಂಗಳೂರಿನ ತಾರಸಿಯಿಂದ ಗುರುವಿನ ಅರೋರಾ ಕಾಣುತ್ತಾ?

ಕಾಣುವುದಿಲ್ಲ. ಎಷ್ಟು ದೊಡ್ಡ ಟೆಲಿಸ್ಕೋಪ್ ತಂದರೂ ಕಣ್ಣಿಗೆ ಕಾಣುವುದಿಲ್ಲ. ಅತಿನೇರಳೆ ಬೆಳಕನ್ನು ನಮ್ಮ ಗಾಳಿಯೇ ತಡೆಯುತ್ತದೆ. ಕಣ್ಣಿಗೆ ಕಾಣುವ ಬೆಳಕಿನಲ್ಲಿ ಗುರುವಿನ ಮೇಲೆ ಬಿದ್ದ ಬಿಸಿಲೇ ಎಲ್ಲವನ್ನೂ ಮುಚ್ಚುತ್ತದೆ.

ಆದರೆ ಕಾರಣಕರ್ತ ಅಯೋ ಕಾಣುತ್ತದೆ. ಆರು ಇಂಚಿನ ಟೆಲಿಸ್ಕೋಪ್ ಇದ್ದರೆ, ಜಯನಗರದ ಬೀದಿದೀಪಗಳ ನಡುವೆಯೂ, ಕಾಣುತ್ತದೆ. ಅಯೋ ಗುರುವಿನ ಅಂಚಿಗೆ ಬರುವ ದಿನ ಮೊದಲೇ ನೋಡಿಟ್ಟುಕೊಳ್ಳಿ, ಮೊಬೈಲ್ ಆ್ಯಪ್‌ಗಳಲ್ಲಿ ಸಿಗುತ್ತದೆ. ಮೊದಲು ಅಂಚಿಗೂ ಚುಕ್ಕಿಗೂ ನಡುವೆ ಕೂದಲೆಳೆಯಷ್ಟು ಕಪ್ಪು ಇರುತ್ತದೆ. ಐದು ನಿಮಿಷ ಬಿಟ್ಟು ನೋಡಿದರೆ ಆ ಕಪ್ಪು ಇಲ್ಲ, ಚುಕ್ಕಿ ಅಂಚಿಗೆ ಅಂಟಿದೆ. ಇನ್ನೂ ಸ್ವಲ್ಪ ಹೊತ್ತಿಗೆ ಅದು ಗುರುವಿನ ಹೊಳಪಿನಲ್ಲಿ ಕರಗಿಹೋಗುತ್ತದೆ. ಆಮೇಲೆ ಪಟ್ಟೆಗಳ ಮೇಲೆ ಪುಟ್ಟ ಕರಿ ಚುಕ್ಕಿಯೊಂದು ಜಾರುತ್ತಾ ಹೋಗುವುದು ಕಾಣಬಹುದು, ಅದು ಅಯೋದ ನೆರಳು. ಅಯೋ ಸೆಕೆಂಡಿಗೆ 17 ಕಿಲೋಮೀಟರ್ ಓಡುತ್ತದೆ, ಒಂದು ಗಂಟೆಯಲ್ಲಿ ಗುರುವಿನ ಅಗಲದ ಅರ್ಧಕ್ಕೆ ಸ್ವಲ್ಪ ಕಡಿಮೆ ದೂರ ಸರಿಯುತ್ತದೆ. ಅಷ್ಟೂ ಹೊತ್ತು ಅದರ ಅರೋರಾದ ಚುಕ್ಕಿ, ನಮ್ಮ ಕಣ್ಣಿಗೆ ಕಾಣದಿದ್ದರೂ, ಗುರುವಿನ ಎರಡೂ ಧ್ರುವಗಳ ಹತ್ತಿರ ಜೊತೆಜೊತೆಗೇ ಸಾಗುತ್ತಿರುತ್ತದೆ.

ಕಾಣದಿದ್ದರೆ ಕೇಳಿಸಬಹುದಾ?

ಹೌದು! ಈ ಪ್ರಶ್ನೆಯನ್ನು ಯಾರಾದರೂ ಕೇಳಿದರೆ ಖುಷಿಯಾಗುತ್ತದೆ.

1955ರಲ್ಲಿ ಅಮೆರಿಕದ ಬರ್ನಾರ್ಡ್ ಬರ್ಕ್ ಮತ್ತು ಕೆನೆತ್ ಫ್ರಾಂಕ್ಲಿನ್ 22.2 ಮೆಗಾಹರ್ಟ್ಸ್‌ನಲ್ಲಿ ಗುರುವಿನಿಂದ ಬರುವ ರೇಡಿಯೊ ಅಬ್ಬರವನ್ನು ಪತ್ತೆ ಮಾಡಿದರು. ಅರೋರಾದ ಎಲೆಕ್ಟ್ರಾನ್‌ಗಳು ಕಾಂತರೇಖೆಯ ಸುತ್ತ ಸುರುಳಿ ಸುತ್ತುವಾಗ ಹೊರಡುವ ಅಲೆಗಳಿವು. 1964ರಲ್ಲಿ ಆಸ್ಟ್ರೇಲಿಯಾದ ಕೀತ್ ಬಿಗ್ ಈ ಅಬ್ಬರಕ್ಕೂ ಅಯೋ ಇರುವ ಜಾಗಕ್ಕೂ ಸಂಬಂಧ ಇದೆ ಎಂದು ತೋರಿಸಿದರು. ಅಯೋದ ಅರೋರಾ ಚುಕ್ಕಿಯನ್ನು ಯಾರೂ ಕಾಣುವ ಎಷ್ಟೋ ವರ್ಷ ಮೊದಲಿನ ಮಾತಿದು.

20 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ತಂತಿಯ ಸರಳ ಡೈಪೋಲ್ ಆಂಟೆನಾ ಮತ್ತು ಒಂದು ಶಾರ್ಟ್‌ವೇವ್ ರಿಸೀವರ್ ಇದ್ದರೆ ಹವ್ಯಾಸಿಗಳೂ ಇದನ್ನು ಹಿಡಿಯಬಹುದು. ಎರಡು ಬಗೆಯ ಸದ್ದು ಕೇಳುತ್ತದೆ. ಒಂದು ಕೆಲವು ಸೆಕೆಂಡು ಏರಿ ಇಳಿಯುವುದು. ಆ ಏರಿಳಿತ ಗುರುವಿನದಲ್ಲ, ದಾರಿಯಲ್ಲಿ ಸೌರಮಾರುತ ಅಲೆಯನ್ನು ಕಲಕುವುದರಿಂದ ಆದದ್ದು. ಇನ್ನೊಂದು ಪಟಪಟ ಸಿಡಿಯುವುದು, ಒಂದೊಂದು ಸಿಡಿತ ಕೆಲವೇ ಮಿಲಿಸೆಕೆಂಡು. ಇದು ನಿಜವಾಗಿಯೂ ಅಯೋ ಮತ್ತು ಗುರುವಿನ ನಡುವೆ ಹುಟ್ಟಿದ್ದು. ಅರೋರಾದ ಸಂಸಾರದಲ್ಲಿ ಅತ್ಯಂತ ವೇಗದ ಬದಲಾವಣೆ ಇದೇ.

ನಗರದೊಳಗೆ ಕಷ್ಟ. ಯುಪಿಎಸ್, ಎಲ್‌ಇಡಿ ದೀಪಗಳ ಡ್ರೈವರ್, ಮೊಬೈಲ್ ಚಾರ್ಜರ್ ಎಲ್ಲವೂ ಈ ತರಂಗಗಳಲ್ಲಿ ಗಲಾಟೆ ಮಾಡುತ್ತವೆ. ಹಳ್ಳಿ ಕಡೆ ಹೋಗಿ ಬ್ಯಾಟರಿಯಲ್ಲಿ ರಿಸೀವರ್ ನಡೆಸುವುದು ಒಳ್ಳೆಯದು. ಬೆಂಗಳೂರಿನ ಉತ್ತರಕ್ಕೆ ಗೌರಿಬಿದನೂರಿನ ಹತ್ತಿರ ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆ ಸೇರಿ ರೇಡಿಯೊ ವೀಕ್ಷಣಾಲಯ ಕಟ್ಟಿದ್ದೂ ಊರಿನ ಗದ್ದಲದಿಂದ ದೂರ. ಅಲ್ಲಿನ ಹೆಸರುವಾಸಿ ದೂರದರ್ಶಕದ ತರಂಗ 34.5 ಮೆಗಾಹರ್ಟ್ಸ್. ಗುರುವಿನ ಅಬ್ಬರ ಸುಮಾರು 40 ಮೆಗಾಹರ್ಟ್ಸ್‌ವರೆಗೂ ಮುಟ್ಟುತ್ತದೆ.

2024ರ ಮೇನಲ್ಲಿ ಲಡಾಖ್‌ನಲ್ಲಿ ಕಂಡ ಅರೋರಾವೂ ಇದೇನಾ?

ಕಣ ಬಡಿದು ಗಾಳಿ ಹೊಳೆಯುವುದು ಒಂದೇ, ಕಾರಣ ಬೇರೆ. ಮೇ 10ರ ರಾತ್ರಿ ಕಂಡದ್ದು ಸೂರ್ಯನಿಂದ ಬಂದ ದೊಡ್ಡ ಕಾಂತ ಬಿರುಗಾಳಿಯ ಫಲ. ಲಡಾಖ್‌ನ ಹಾನ್ಲೆಯಲ್ಲಿ ಕೆಂಪು ಬೆಳಕನ್ನು ಹಿಡಿದ ಕ್ಯಾಮೆರಾಗಳು ನಮ್ಮ ಕೋರಮಂಗಲದ ಖಭೌತ ಸಂಸ್ಥೆಯ ವೀಕ್ಷಣಾಲಯದವು. ಅಲ್ಲಿನ ದೂರದರ್ಶಕವನ್ನು ಹೊಸಕೋಟೆಯ ಕೇಂದ್ರದಿಂದಲೇ ನಡೆಸುತ್ತಾರೆ. ಆದಿತ್ಯ-ಎಲ್1 ನೌಕೆಯ ಮುಖ್ಯ ಉಪಕರಣವೂ ಅದೇ ಸಂಸ್ಥೆಯದು.

ನಾವು ನೋಡುವ ಮಿಂಚು ಈ ಕ್ಷಣದ್ದಾ?

ಗುರುವಿನಿಂದ ಬೆಳಕು ಬರಲು ಸುಮಾರು 33ರಿಂದ 54 ನಿಮಿಷ ಬೇಕು, ಭೂಮಿ ಎಲ್ಲಿದೆ ಎನ್ನುವುದರ ಮೇಲೆ. ಎಲ್ಲ ಬಗೆಯ ಬೆಳಕೂ ಒಂದೇ ವೇಗದಲ್ಲಿ ಬರುವುದರಿಂದ ಹೋಲಿಕೆಗೆ ತೊಂದರೆ ಇಲ್ಲ. ಜೂನೋ ದತ್ತಾಂಶದ ಜೊತೆ ಹೊಂದಿಸುವಾಗ ಮಾತ್ರ ಈ ನಿಮಿಷಗಳನ್ನು ಕಳೆಯಲೇಬೇಕು.

ಇದನ್ನೆಲ್ಲ ತಿಳಿದು ಏನು ಉಪಯೋಗ?

ಒಂದು ಹಳೆಯ ಲೆಕ್ಕ ಸರಿಹೋಗುತ್ತದೆ. ಗುರು ಸೂರ್ಯನಿಂದ ಅಷ್ಟು ದೂರ ಇದ್ದರೂ ಅದರ ಮೇಲಿನ ಗಾಳಿ 400 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿ. ಬಿಸಿಲಿನಿಂದ ಅಷ್ಟು ಆಗುವುದಿಲ್ಲ. ಧ್ರುವದಲ್ಲಿ ಅರೋರಾ ಸುರಿಯುವ ಶಾಖ ಗಾಳಿಯ ಜೊತೆ ಇಡೀ ಗ್ರಹಕ್ಕೆ ಹರಡುತ್ತದೆ ಎಂದು 2021ರಲ್ಲಿ ಕೆಕ್ ದೂರದರ್ಶಕ, ಹಿಸಾಕಿ, ಜೂನೋ ಮೂರರ ದತ್ತಾಂಶ ಸೇರಿಸಿ ತೋರಿಸಿದರು. ಅರೋರಾ ಎಷ್ಟು ಹೊತ್ತು ಎಷ್ಟು ಜೋರಾಗಿರುತ್ತದೆ ಎನ್ನುವುದು ಇಲ್ಲಿ ನೇರವಾಗಿ ಲೆಕ್ಕಕ್ಕೆ ಬರುತ್ತದೆ.

ಇನ್ನೊಂದು ಉದಾಹರಣೆ ಗ್ಯಾನಿಮೀಡ್. ಅದಕ್ಕೆ ತನ್ನದೇ ಕಾಂತಕ್ಷೇತ್ರ, ತನ್ನದೇ ಅರೋರಾ ಇದೆ. ಆ ಅರೋರಾ ಎಷ್ಟು ತೂಗಾಡುತ್ತದೆ ಎಂದು ಹಬಲ್‌ನಲ್ಲಿ ಅಳೆದು, ತೂಗಾಟ ಎಣಿಸಿದ್ದಕ್ಕಿಂತ ಕಡಿಮೆ ಇರುವುದನ್ನು ಕಂಡು, ಒಳಗೆ ಉಪ್ಪುನೀರಿನ ಸಾಗರ ಇದೆ ಎಂಬ ತೀರ್ಮಾನಕ್ಕೆ 2015ರಲ್ಲಿ ಬಂದರು. ಮಂಜುಗಡ್ಡೆಯ ಕೆಳಗಿನ ಸಮುದ್ರ ಬೆಳಕಿನ ಅಲುಗಾಟದಲ್ಲಿ ಸಿಕ್ಕಿತು! 2023ರ ಏಪ್ರಿಲ್‌ನಲ್ಲಿ ಹೊರಟ ಯುರೋಪಿನ ಜ್ಯೂಸ್ ನೌಕೆ 2031ರಲ್ಲಿ ಗುರುವನ್ನು ತಲುಪಿ, ಆಮೇಲೆ ಗ್ಯಾನಿಮೀಡ್ ಸುತ್ತಲಿದೆ.

ನಾನು ವಿದ್ಯಾರ್ಥಿ. ಇದರಲ್ಲಿ ನಾನೇನಾದ್ರೂ ಮಾಡಬಹುದಾ?

ಖಂಡಿತ ಮಾಡಬಹುದು. ಹಬಲ್, ವೆಬ್, ಜೂನೋ ದತ್ತಾಂಶ ಸ್ವಲ್ಪ ಕಾಲದ ನಂತರ ಎಲ್ಲರಿಗೂ ಉಚಿತವಾಗಿ ಸಿಗುತ್ತದೆ. ಹೈಗ್ರೌಂಡ್ಸ್‌ನ ನೆಹರು ತಾರಾಲಯದಲ್ಲಿ ವಿದ್ಯಾರ್ಥಿಗಳಿಗೆ ವಿಜ್ಞಾನ ಕಾರ್ಯಕ್ರಮಗಳು ನಡೆಯುತ್ತವೆ, ಬುನಾದಿ ಬೇಕಿದ್ದರೆ ಅಲ್ಲಿ ವಿಚಾರಿಸಿ. ಪೈಥಾನ್ ಸ್ವಲ್ಪ ಬಂದರೆ ಸಾಕು. ಹಬಲ್ ಗುರುವನ್ನು ಫೋಟಾನ್‌ಗಳ ಹೊತ್ತು ಬರೆದಿಟ್ಟು ನೋಡಿದ ಒಂದು ಫೈಲ್ ಇಳಿಸಿಕೊಳ್ಳಿ. ಮೊದಲು ಪೂರ್ತಿ ಫೈಲಿನಿಂದ ಒಂದೇ ಚಿತ್ರ ಮಾಡಿ. ಆಮೇಲೆ ಅದನ್ನೇ ಹತ್ತು ಹತ್ತು ಸೆಕೆಂಡಿನ ತುಂಡು ಮಾಡಿ, ಉಂಗುರದ ಒಳಗಿನ ಒಂದು ಚೌಕದ ಪ್ರಕಾಶವನ್ನು ಗ್ರಾಫ್‌ಗೆ ಹಾಕಿ. ಪಕ್ಕದಲ್ಲಿ ಉಂಗುರದ ಮೇಲಿನ ಒಂದು ಚೌಕದ್ದೂ ಹಾಕಿ. ಒಳಗಿನದು ಕುಣಿಯುತ್ತಿದ್ದು ಉಂಗುರದ್ದು ಸಪಾಟಾಗಿದ್ದರೆ ಸರಿಯಾಗಿ ಮಾಡಿದ್ದೀರಿ. ಎರಡೂ ಒಟ್ಟಿಗೇ ಕುಣಿದರೆ ಅದು ಗುರುವಿನದಲ್ಲ, ದೂರದರ್ಶಕದ ಅಲುಗಾಟವೋ ಹಿನ್ನೆಲೆ ಬೆಳಕೋ ಇರಬೇಕು. ಅದನ್ನು ಮೊದಲು ಕಳೆದು ಮತ್ತೆ ಗ್ರಾಫ್ ಹಾಕಿ.